ಚಿಲ್ಲರೆ ಎಣಿಸುವ ರಸಿಕರು

ರಾಮಾಯಣವನ್ನೆಲ್ಲ ಕೇಳಿ, ರಾಮನಿಗೂ ಸೀತೆಗೂ ಏನು ಸಂಬಂಧ ಎಂದು ಕೇಳಿದವನನ್ನು ನಾವೆಲ್ಲ ಬಲ್ಲೆವು. ಗಾದೆಯೊಳಗಿನ ಆ ಬಡಪಾಯಿಯನ್ನು ಕಂಡು ತಲೆಮಾರುಗಳಿಂದ ನಗುತ್ತ ಬಂದಿದ್ದೇವೆ. ಆದರೆ ಈಗ ಅವನಿಗಿಂತ ವಿಚಿತ್ರನಾದ ಇನ್ನೊಬ್ಬ ಶ್ರೋತೃ ಹುಟ್ಟಿಕೊಂಡಿದ್ದಾನೆ. ರಾಮನಿಗೂ ಸೀತೆಗೂ ಏನು ಸಂಬಂಧವೆಂಬುದು ಇವನಿಗೆ ಗೊತ್ತು. ಲಂಕೆಯ ಕೋಟೆಗೆ ಎಷ್ಟು ಬಾಗಿಲು, ಪುಷ್ಪಕದಲ್ಲಿ ಎಷ್ಟು ಜನಕ್ಕೆ ಸ್ಥಳ ಎಂಬುದೂ ಬಾಯಿಪಾಠ. ಗೊತ್ತಿಲ್ಲದಿರುವುದು ಒಂದೇ ಒಂದು: ಸೀತೆ ಏಕೆ ಅತ್ತಳು ಎಂಬುದು.

ಈ ಹೊಸ ರಸಿಕನ ದರ್ಶನ ನನಗೆ ಈಚೆಗೆ ಒಂದು ಭಾನುವಾರದ ಸಂಜೆ ಗೆಳೆಯರೊಬ್ಬರ ಮನೆಯಲ್ಲಿ ಆಯಿತು. ಕಾಫಿ ಮುಗಿದ ಮೇಲೆ ಅವರ ಮಗ, ಚೆನ್ನಾಗಿ ಓದಿದ, ಬುದ್ಧಿವಂತನಾದ ಹುಡುಗ, ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನ್ ಹಾಸ್ಯ ಧಾರಾವಾಹಿಯ ಒಂದು ಹಳೆಯ ಕಂತನ್ನು ನಮಗೆ ತೋರಿಸಿದ. ಅರ್ಧ ಗಂಟೆಯೂ ಇಲ್ಲದ ಆಟ ಅದು. ನೋಡಿ ಮುಗಿಸುವ ಹೊತ್ತಿಗೆ ಗಂಟೆ ದಾಟಿತ್ತು. ಏಕೆಂದರೆ ಆತ ನಿಮಿಷಕ್ಕೊಮ್ಮೆ ಚಿತ್ರವನ್ನು ನಿಲ್ಲಿಸಿ, “ಇದು ಯಾವುದರ ಅಣಕ, ಹೇಳಿ ಸಾರ್ ನೋಡೋಣ” ಎಂದು ನನ್ನನ್ನು ಪರೀಕ್ಷೆಗೆ ಕೂರಿಸುತ್ತಿದ್ದ. ನಾನು ಎಲ್ಲದರಲ್ಲಿಯೂ ನಪಾಸಾದೆ. ಕೊನೆಗೆ ಧೈರ್ಯಮಾಡಿ ನಾನೂ ಒಂದು ಪ್ರಶ್ನೆ ಕೇಳಿದೆ: “ಆ ಹೆಂಗಸು ಒಬ್ಬಳೇ ಪಕ್ಕದ ಊರಿಗೆ ಹೋಗಿ ಬಂದಳಲ್ಲ, ಅಲ್ಲಿ ಅವಳು ಕಂಡದ್ದೇನಪ್ಪ?” ಹುಡುಗ ಕ್ಷಣಕಾಲ ಯೋಚಿಸಿ ಉತ್ತರಿಸಿದ: “ಅಲ್ಲಿ ಹೇಳುವಂಥದು ಹೆಚ್ಚೇನಿಲ್ಲ ಸಾರ್. ಒಬ್ಬ ಹಾಸ್ಯಗಾರನ ಹೆಸರು ಬರುತ್ತೆ, ಅಷ್ಟೆ.”

ಈ ಉತ್ತರ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಈ ಲೇಖನಕ್ಕೆ ಅದೇ ಕಾರಣ.

ತಪ್ಪು ಹುಡುಗನದಲ್ಲ. ಆತ ಕಲಿತದ್ದನ್ನು ಒಪ್ಪಿಸಿದ. ಇಂದು ಯಾವ ಜನಪ್ರಿಯ ಚಿತ್ರವನ್ನು ತೆಗೆದುಕೊಂಡರೂ ಅದರ ಬೆನ್ನಿಗೆ ಒಂದು ಪಟ್ಟಿ ಇರುತ್ತದೆ: ಇಂಥ ದೃಶ್ಯ ಇಂಥ ಸಿನಿಮಾದ ಅನುಕರಣ, ಇಂಥ ಮಾತು ಇಂಥ ನಾಟಕದ ನೆನಪು, ಇಂಥ ಪಾತ್ರಕ್ಕೆ ಮೊದಲು ಇಂಥ ನಟರನ್ನು ಕೇಳಲಾಗಿತ್ತು ಎಂದು. ಪಟ್ಟಿಯನ್ನು ಬಾಯಿಪಾಠ ಮಾಡಿದವನು ಬಲ್ಲವನೆನಿಸುತ್ತಾನೆ, ಮಾಡದವನು ಪೆದ್ದ. ರಸಾಸ್ವಾದವೆಂದರೆ ಕಂಬ ಎಣಿಸುವ ಕೆಲಸ ಎಂಬ ಭಾವನೆ ಬಲಿಯುತ್ತಿದೆ. ಇದನ್ನು ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಆ ಸಂಜೆ ನೋಡಿದ ಕಂತೇ ನನಗೆ ಸಾಕ್ಷಿ.

ನೋಡದವರಿಗಾಗಿ ಎರಡು ಮಾತು. ‘ದಿ ಸಿಂಪ್ಸನ್ಸ್’ ಮ್ಯಾಟ್ ಗ್ರೇನಿಂಗ್ ಎಂಬ ವ್ಯಂಗ್ಯಚಿತ್ರಕಾರನ ಸೃಷ್ಟಿ. 1987ರಲ್ಲಿ ಬೇರೊಂದು ಕಾರ್ಯಕ್ರಮದ ನಡುವಿನ ತುಣುಕುಗಳಾಗಿ ಹುಟ್ಟಿ, 1989ರ ಡಿಸೆಂಬರಿನಲ್ಲಿ ಸ್ವತಂತ್ರ ಧಾರಾವಾಹಿಯಾಯಿತು. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಊರು. ಅಲ್ಲಿಯ ಅಣುವಿದ್ಯುತ್ ಸ್ಥಾವರದಲ್ಲಿ ದುಡಿಯುವ ಹೋಮರ್ ಎಂಬ ಹೊಟ್ಟೆಬಾಕ. ಅವನ ತಾಳ್ಮೆಯ ಹೆಂಡತಿ ಮಾರ್ಜ್. ತುಂಟ ಮಗ ಬಾರ್ಟ್, ಜಾಣೆ ಮಗಳು ಲೀಸಾ, ಇನ್ನೂ ಮಾತು ಬಾರದ ಕೂಸು ಮ್ಯಾಗಿ. ನಾವು ನೋಡಿದ ಕಂತಿನ ಹೆಸರು ‘ಮಾರ್ಜ್ ವರ್ಸಸ್ ದಿ ಮಾನೊರೈಲ್’. 1993ರ ಜನವರಿ 14ರಂದು ಪ್ರಸಾರವಾದದ್ದು. ಬರೆದವನು ಕೋನನ್ ಓಬ್ರಯನ್. ಅದೇ ವರ್ಷ ಆತ ರಾತ್ರಿಯ ಹರಟೆ ಕಾರ್ಯಕ್ರಮದ ನಿರೂಪಕನಾಗಿ ಪ್ರಸಿದ್ಧಿಗೆ ಬಂದ.

ಕಥೆ ಸರಳವಾದದ್ದು. ಸ್ಥಾವರದ ಒಡೆಯ ಬರ್ನ್ಸ್ ಅಣುಕಸವನ್ನು ಊರಿನ ಉದ್ಯಾನದಲ್ಲಿ ಬಚ್ಚಿಡಹೋಗಿ ಸಿಕ್ಕಿಬೀಳುತ್ತಾನೆ. ದಂಡವಾಗಿ ಊರಿಗೆ 30 ಲಕ್ಷ ಡಾಲರ್ ಬರುತ್ತದೆ. ಈ ಹಣದಿಂದ ಏನು ಮಾಡೋಣ ಎಂದು ಊರಿನವರೆಲ್ಲ ಸಭೆ ಸೇರುತ್ತಾರೆ. ಹಾಳಾದ ಮುಖ್ಯ ರಸ್ತೆಯನ್ನು ದುರಸ್ತಿ ಮಾಡಿಸೋಣ ಎನ್ನುತ್ತಾಳೆ ಮಾರ್ಜ್. ಸಭೆ ಇನ್ನೇನು ಒಪ್ಪಬೇಕು, ಅಷ್ಟರಲ್ಲಿ ಲೈಲ್ ಲ್ಯಾನ್ಲಿ ಎಂಬ ಪರದೇಶಿ ಎದ್ದು ನಿಂತು, ಊರಿಗೆ ಬೇಕಾದದ್ದು ಒಂಟಿ ಹಳಿಯ ರೈಲು, ಮಾನೊರೈಲ್, ಎಂದು ಹಾಡಿ ಕುಣಿದು ಎಲ್ಲರನ್ನೂ ಮರುಳುಮಾಡುತ್ತಾನೆ. ರಸ್ತೆ ಇನ್ನೂ ಒಡೆದೇ ಇದೆಯಲ್ಲ ಎಂದು ಮಾರ್ಜ್ ಹೇಳಹೋದರೆ, ಗುಂಪಿನ ತೀರ್ಮಾನ ಆಗಿಹೋಯಿತೆಂದು ಹೆತ್ತ ಮಗನೇ ಅವಳ ಬಾಯಿ ಮುಚ್ಚಿಸುತ್ತಾನೆ. ರೈಲು ಬರುತ್ತದೆ, ಹೋಮರನೇ ಅದರ ಚಾಲಕ. ಮೊದಲ ಓಟದಲ್ಲಿಯೇ ಅದು ಹಿಡಿತ ತಪ್ಪುತ್ತದೆ. ಲ್ಯಾನ್ಲಿ ಹಣದ ಪೆಟ್ಟಿಗೆಯೊಡನೆ ವಿಮಾನ ಹತ್ತಿರುತ್ತಾನೆ.

ಈಗ ಪಟ್ಟಿಗೆ ಬರೋಣ. ಆರಂಭದಲ್ಲಿ ಹೋಮರ್ ಹಾಡುತ್ತ ಕೆಲಸದಿಂದ ಹೊರಬೀಳುವುದು ‘ದಿ ಫ್ಲಿಂಟ್‌ಸ್ಟೋನ್ಸ್’ ಎಂಬ, 1960ರಲ್ಲಿ ಆರಂಭವಾದ ಕಾರ್ಟೂನ್ ಧಾರಾವಾಹಿಯ ಅಣಕ. ಬರ್ನ್ಸನನ್ನು ನ್ಯಾಯಾಲಯಕ್ಕೆ ಕಟ್ಟಿ ತರುವ ರೀತಿ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಎಂಬ 1991ರ ಚಿತ್ರದಿಂದ ಬಂದದ್ದು. ಲ್ಯಾನ್ಲಿಯೂ ಅವನ ಹಾಡೂ ಮೆರೆಡಿತ್ ವಿಲ್ಸನ್ ರಚಿಸಿದ ‘ದಿ ಮ್ಯೂಸಿಕ್ ಮ್ಯಾನ್’ ಎಂಬ 1957ರ ಸಂಗೀತ ನಾಟಕದ ಅನುಕರಣ. ಅತಿಥಿಯಾಗಿ ಬರುವವನು ‘ಸ್ಟಾರ್ ಟ್ರೆಕ್’ನ ಸ್ಪಾಕ್ ಪಾತ್ರದಿಂದ ಖ್ಯಾತನಾದ ಲೆನರ್ಡ್ ನಿಮೊಯ್, ತಾನೇ ತಾನಾಗಿ. ಇದೆಲ್ಲವೂ ನಿಜ. ಇದನ್ನು ಹುಡುಕಿ ಬರೆದಿಟ್ಟವರ ಶ್ರಮಕ್ಕೆ ನನ್ನ ನಮಸ್ಕಾರವೂ ಸಲ್ಲಲಿ. ಆದರೆ ನನ್ನ ತಕರಾರು ಪಟ್ಟಿ ಸುಳ್ಳೆಂಬುದಲ್ಲ. ಎಲ್ಲಿ ವಿಚಾರ ಪ್ರಾರಂಭವಾಗಬೇಕೋ ಸರಿಯಾಗಿ ಅಲ್ಲಿಯೇ ಪಟ್ಟಿ ಪೂರ್ಣವಿರಾಮ ಹಾಕುತ್ತದೆ ಎಂಬುದು.

‘ಮ್ಯೂಸಿಕ್ ಮ್ಯಾನ್’ ನಾಟಕವನ್ನೇ ನೋಡಿ. ಅದರಲ್ಲಿಯೂ ಒಬ್ಬ ವಂಚಕ, ಹೆರಾಲ್ಡ್ ಹಿಲ್, ಅಯೋವ ಪ್ರಾಂತದ ಒಂದು ಸಣ್ಣ ಊರಿಗೆ ಬರುತ್ತಾನೆ. ಊರಿಗೆ ಬಂದ ಪೂಲ್ ಆಟದ ಮೇಜಿನಿಂದ ಹುಡುಗರು ಕೆಟ್ಟುಹೋದಾರೆಂದು ಹೆದರಿಸಿ, ಅದಕ್ಕೆ ಪರಿಹಾರವಾಗಿ ವಾದ್ಯಗಳನ್ನೂ ಸಮವಸ್ತ್ರಗಳನ್ನೂ ಮಾರಿ, ಹಣ ಕೈಸೇರಿದೊಡನೆ ಪಲಾಯನ ಮಾಡುವುದು ಅವನ ಹಂಚಿಕೆ. ಆದರೆ ಊರಿನ ಗ್ರಂಥಪಾಲಿಕೆಯ ಪ್ರೇಮದಲ್ಲಿ ಸಿಲುಕಿ ಅವನು ನಿಲ್ಲುತ್ತಾನೆ. ಸಿಕ್ಕಿಬಿದ್ದಾಗ, ಹುಡುಗರು ಹೇಗೋ ಊದಿದ ಅಪಸ್ವರವೇ ತಂದೆತಾಯಿಗಳ ಕಿವಿಗೆ ಅಮೃತವಾಗಿ ಕೇಳಿಸಿ, ಊರು ಅವನನ್ನು ಕ್ಷಮಿಸುತ್ತದೆ. ಮೋಸದಿಂದಲೂ ಒಂದು ಚೆಲುವು ಹುಟ್ಟಬಹುದು, ಊರಿಗೆ ಕನಸು ಮಾರಿದವನು ಕೊನೆಗೆ ಊರಿನವನೇ ಆಗಬಹುದು: ಇದು ಆ ನಾಟಕದ ನಂಬಿಕೆ. 1962ರಲ್ಲಿ ಅದು ಸಿನಿಮಾ ಕೂಡ ಆಯಿತು.

ಸಿಂಪ್ಸನ್ಸ್‌ನ ಲೇಖಕ ಆ ಹಾಡನ್ನೂ ಕುಣಿತವನ್ನೂ ತೆಗೆದುಕೊಂಡ, ಕ್ಷಮೆಯನ್ನು ಕಿತ್ತುಹಾಕಿದ. ಅವನ ಲ್ಯಾನ್ಲಿಗೆ ಪ್ರೇಮವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಅವನು ಮಾರಿದ ರೈಲಿನಿಂದ ಯಾವ ಸಂಗೀತವೂ ಹೊಮ್ಮುವುದಿಲ್ಲ, ಹೊಮ್ಮುವುದು ಹೊಗೆ. ಹಳೆಯ ನಾಟಕ ನಕ್ಕು ಬಿಟ್ಟ ವಂಚನೆಯ ಲೆಕ್ಕವನ್ನು ಈ ಕಂತು ಮತ್ತೆ ತೆಗೆದು ಕೂಡಿಸುತ್ತದೆ: ವಂಚಕ ನಿಲ್ಲದೆ ಹೋಗಿದ್ದರೆ ಆ ಊರಿನ ಗತಿ ಏನಾಗುತ್ತಿತ್ತು? ಇದು ಅನುಕರಣವಲ್ಲ, ಜಗಳ. ಒಂದು ಕೃತಿ ತನ್ನ ಹಿಂದಿನ ಕೃತಿಯೊಡನೆ ಹೂಡಿದ ನೇರವಾದ ವಾದ. ‘ಇದು ಮ್ಯೂಸಿಕ್ ಮ್ಯಾನ್‌ನ ಅಣಕ’ ಎಂದು ಬರೆದು ಗೆರೆ ಎಳೆಯುವವನು, ನ್ಯಾಯಾಲಯಕ್ಕೆ ಹೋಗಿ ವಾದಿ ಪ್ರತಿವಾದಿಗಳ ಹೆಸರನ್ನು ಗುರುತು ಹಾಕಿಕೊಂಡು, ತಗಾದೆ ಏನೆಂದು ಕೇಳದೆ ಮನೆಗೆ ಬಂದವನಂತೆ.

ಕಾರ್ಟೂನೊಂದಕ್ಕೆ ಇಷ್ಟು ಭಾರ ಹೊರಿಸುವುದು ಅತಿಯಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಹೊರಿಸಿದವನು ನಾನಲ್ಲ. ಚಿಲ್ಲರೆ ಪಾಂಡಿತ್ಯವನ್ನು ಆ ಕಂತೇ ನನಗಿಂತ ಮೊದಲು ಗೇಲಿಮಾಡಿದೆ. ರೈಲಿನ ಉದ್ಘಾಟನೆಗೆ ಬಂದ ನಿಮೊಯ್‌ಯನ್ನು ಊರಿನ ಮೇಯರ್ ಕ್ವಿಂಬಿ ಸ್ವಾಗತಿಸುವ ದೃಶ್ಯವನ್ನು ನೆನೆಯಿರಿ. ಮೇಯರ್ ಬಹು ಠೀವಿಯಿಂದ ‘ಸ್ಟಾರ್ ವಾರ್ಸ್’ನ ಪ್ರಸಿದ್ಧ ಹಾರೈಕೆಯೊಂದನ್ನು ಒಪ್ಪಿಸುತ್ತಾನೆ. ಅದು ‘ಸ್ಟಾರ್ ಟ್ರೆಕ್’ನದಲ್ಲ. ನಾನು ಯಾರೆಂದಾದರೂ ನಿಮಗೆ ಗೊತ್ತೇ ಎಂದು ನಿಮೊಯ್ ಕೇಳಿದರೆ, ಮೇಯರ್ ಅವನನ್ನು ಇನ್ನೂ ಹಿಂದಿನ ಕಾಲದ ಮಕ್ಕಳ ಚಿತ್ರಮಾಲೆಯೊಂದರ ಬಾಲನಟನನ್ನಾಗಿ ಮಾಡಿಬಿಡುತ್ತಾನೆ. ನಮ್ಮ ಪಟ್ಟಿಕಾರರು ಈ ದೃಶ್ಯದಲ್ಲಿ ಮೂರು ಉಲ್ಲೇಖಗಳನ್ನು ಎಣಿಸಿ ತೃಪ್ತರಾಗುತ್ತಾರೆ. ಇಲ್ಲಿ ನಗೆಗೆ ಗುರಿಯಾದದ್ದು ಉಲ್ಲೇಖದ ಚಟವೇ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಮನುಷ್ಯ ಎದುರಿಗೆ ನಿಂತಿದ್ದಾನೆ. ಮೇಯರನ ತಲೆಯಲ್ಲಿರುವುದು ಬರೀ ಬಿಡಿ ತುಣುಕು. ತುಣುಕು ಸರಿಯಾಗಿದ್ದರೆ ಮಾತ್ರ ಅವನು ಬಲ್ಲವನಾಗುತ್ತಿದ್ದನೇ?

ಇದಕ್ಕಿಂತ ಮರ್ಮಕ್ಕೆ ನಾಟುವ ದೃಶ್ಯ ಲೀಸಾಳ ತರಗತಿಯದು. ಇಡೀ ಊರು ಮರುಳಾಗಿದ್ದರೂ ಆ ಹುಡುಗಿ ಲ್ಯಾನ್ಲಿಗೆ ನೇರವಾದ ಪ್ರಶ್ನೆ ಹಾಕುತ್ತಾಳೆ: ಜನರೆಲ್ಲ ನಡುಪೇಟೆಯ ಸುತ್ತಲೇ ವಾಸಿಸುವ ಸಣ್ಣ ಊರಿಗೆ ಇಂಥ ರೈಲು ಏತಕ್ಕೆ? ಉತ್ತರವಿಲ್ಲದ ಪ್ರಶ್ನೆ. ಆದರೆ ಲ್ಯಾನ್ಲಿ ಬೆದರುವುದಿಲ್ಲ. ಇಂಥ ಜಾಣ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲವೆಂದು ಹೊಗಳಿ, ಉತ್ತರ ಹೇಳಬಲ್ಲೆ, ಆದರೆ ಅದು ಅರ್ಥವಾಗುವುದು ಇಲ್ಲಿ ನಿನಗೂ ನನಗೂ ಮಾತ್ರ, ನಿನ್ನ ಉಪಾಧ್ಯಾಯಿನಿಗೂ ಆಗದು ಎಂಬರ್ಥದ ಮಾತಾಡುತ್ತಾನೆ. ಅಷ್ಟಕ್ಕೇ ಹುಡುಗಿ ಕಿಲಕಿಲ ನಕ್ಕು ಸುಮ್ಮನಾಗುತ್ತಾಳೆ. ಊರಿನ ಅತ್ಯಂತ ಚುರುಕಾದ ತಲೆ ಹಾಡಿಗೆ ಸೋಲಲಿಲ್ಲ, ಕುಣಿತಕ್ಕೆ ಸೋಲಲಿಲ್ಲ. ‘ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತು’ ಎಂಬ ಮುಖಸ್ತುತಿಗೆ ಸೋತಿತು.

ಚಿಲ್ಲರೆ ಸಂಗತಿಗಳ ಪಟ್ಟಿ ನಮಗೆ ಮಾಡುವುದೂ ಇದನ್ನೇ. ನೂರು ಜನ ನೋಡಿದರೂ ನಿನ್ನೊಬ್ಬನಿಗೆ ಮಾತ್ರ ತಿಳಿಯಿತು ಎಂದು ಅದು ನಮ್ಮ ಬೆನ್ನು ತಟ್ಟುತ್ತದೆ. ಬೆನ್ನು ತಟ್ಟಿಸಿಕೊಂಡವನು ಮುಂದೆ ಪ್ರಶ್ನೆ ಕೇಳುವುದಿಲ್ಲ. ಬುದ್ಧಿ ಇಲ್ಲದವರನ್ನು ಮರುಳುಮಾಡುವುದಕ್ಕೆ ಹಾಡು ಸಾಕು. ಬುದ್ಧಿವಂತರನ್ನು ಮರುಳುಮಾಡುವುದಕ್ಕೆ ಅವರ ಬುದ್ಧಿಯ ಹೊಗಳಿಕೆಯೇ ಬೇಕು. ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕಂತನ್ನು ಇದೇ ಹೊಗಳಿಕೆಗೆ ಸಾಧನ ಮಾಡಿಕೊಂಡಿದ್ದಾರಲ್ಲ ಎಂಬುದು ನನ್ನ ವ್ಯಥೆ.

ಬಿಡಿ ಸಂಗತಿಗಳೆಲ್ಲ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಒಂದು ಉದಾಹರಣೆ ಕೊಡುತ್ತೇನೆ. ನಿಮೊಯ್‌ಗಿಂತ ಮೊದಲು ಆ ಪಾತ್ರಕ್ಕೆ ಕೇಳಿದ್ದು ‘ಸ್ಟಾರ್ ಟ್ರೆಕ್’ನ ಇನ್ನೊಬ್ಬ ನಟ ಜಾರ್ಜ್ ಟಕೇಯನ್ನು. ಆತ ದಕ್ಷಿಣ ಕ್ಯಾಲಿಫೋರ್ನಿಯದ ಸಾರಿಗೆ ಮಂಡಳಿಯಲ್ಲಿ ಕೆಲಸಮಾಡಿದವನು. ಸಾರ್ವಜನಿಕ ಸಾರಿಗೆಯನ್ನು ಹಾಸ್ಯಮಾಡುವ ಕಥೆಯಲ್ಲಿ ತಾನು ನಟಿಸಲಾರೆನೆಂದು ನಿರಾಕರಿಸಿದ. ಎಲ್ಲ ಪಟ್ಟಿಗಳಲ್ಲೂ ಇದು ಇದೆ. ಎಲ್ಲ ಕಡೆಯೂ ಒಂದು ಮೋಜಿನ ಸಂಗತಿಯಾಗಿಯೇ ಇದೆ. ಇದರೊಳಗೆ ಎಂಥ ಪ್ರಶ್ನೆ ಅಡಗಿದೆ ಎಂದು ಯಾರೂ ಬಗೆದು ನೋಡಿದಂತಿಲ್ಲ. ಕಳ್ಳ ರೈಲಿಗೆ ನಕ್ಕವರು ನಾಳೆ ಒಳ್ಳೆಯ ರೈಲಿಗೂ ನಗುವುದಿಲ್ಲವೆಂದು ಯಾರು ಹೇಳಬಲ್ಲರು? ಆ ಭೀತಿ ಸುಳ್ಳಾಗಲಿಲ್ಲ. ಅಮೆರಿಕದಲ್ಲಿ ಎಲ್ಲಿಯಾದರೂ ಹೊಸ ರೈಲಿನ ಮಾತೆತ್ತಿದರೆ, ಬೇಡವೆನ್ನುವವರು ಈ ಕಂತಿನ ಹಾಡನ್ನು ಎಳೆದು ತರುವುದುಂಟು. ಕಂತು ಹೇಳಿದ್ದು ರೈಲು ಕೆಟ್ಟದ್ದೆಂದಲ್ಲ. ಒಡೆದ ರಸ್ತೆಯನ್ನು ಮರೆಯಬೇಡಿ, ಮಾರಲು ಬಂದವನನ್ನು ವಿಚಾರಿಸಿ ಎಂದು ಅದು ಹೇಳಿತು. ವಿಚಾರ ಕಳಚಿಹೋಗಿ ಹಾಡು ಉಳಿಯಿತು. ಉಳಿದ ಹಾಡು ವಿಚಾರವನ್ನೇ ಹೊಡೆಯುವ ದೊಣ್ಣೆಯಾಯಿತು. ಉಲ್ಲೇಖವನ್ನು ಅರ್ಥದಿಂದ ಬೇರ್ಪಡಿಸಿದರೆ ಆಗುವ ಅನಾಹುತ ಇದು. ಇದು ಬರೀ ರಸಿಕತೆಯ ಪ್ರಶ್ನೆಯಲ್ಲ, ಊರಿನ ಹಣದ ಪ್ರಶ್ನೆ.

ಇನ್ನೊಂದು ಸಂಗತಿ ಭಾರತೀಯರಾದ ನಮಗೆ ಹತ್ತಿರದ್ದು. ಅದೇ ಊರಸಭೆಯಲ್ಲಿ ಅಪು ಎಂಬ ಭಾರತೀಯ ಅಂಗಡಿಕಾರನೂ ಎದ್ದು ನಿಲ್ಲುತ್ತಾನೆ. ಹಣವನ್ನು ಪೊಲೀಸರ ಸಂಖ್ಯೆ ಹೆಚ್ಚಿಸುವುದಕ್ಕೆ ವೆಚ್ಚ ಮಾಡಿ, ಈ ವರ್ಷ ನನಗೆ ಎಂಟು ಸಲ ಗುಂಡೇಟು ಬಿದ್ದಿದೆ, ಅದರಿಂದ ಇನ್ನೇನು ಕೆಲಸಕ್ಕೆ ತಪ್ಪಿಸಿಕೊಳ್ಳುವುದರಲ್ಲಿದ್ದೆ ಎನ್ನುತ್ತಾನೆ. ನಗೆಯೊಳಗೆ ಇಷ್ಟು ನೋವನ್ನು ಅಡಗಿಸಿದ ಮಾತು ಆ ಕಂತಿನಲ್ಲಿ ಇನ್ನೊಂದಿಲ್ಲ. ಆದರೆ ಅಪುವಿನ ವಿಷಯದಲ್ಲಿ ಪಟ್ಟಿಗಳು ಹೇಳುವುದೇನು? ಆ ಹೆಸರು ಸತ್ಯಜಿತ್ ರಾಯ್ ಅವರ ಚಿತ್ರಗಳಿಂದ ಬಂದದ್ದು ಎಂದು. ಓದಿದ ನಮ್ಮವರಿಗೆ ಅದರಿಂದ ಒಂದು ಬಗೆಯ ಹೆಮ್ಮೆ. 1955ರ ‘ಪಥೇರ್ ಪಾಂಚಾಲಿ’ ಎಲ್ಲಿ, ಅಮೆರಿಕದ ಕಾರ್ಟೂನ್ ಎಲ್ಲಿ, ನಮ್ಮ ಹೆಸರು ಅಲ್ಲಿಯವರೆಗೂ ಹೋಯಿತಲ್ಲ ಎಂದು.

ಹೆಸರು ಹೋಯಿತು, ನಿಜ. ಹೆಸರಿನೊಡನೆ ಮತ್ತೇನು ಹೋಯಿತು? ರಾಯ್ ಅವರ ಅಪು, ಅಕ್ಕ ದುರ್ಗೆಯೊಡನೆ ಜೊಂಡಿನ ಬಯಲಿನಲ್ಲಿ ಓಡಿ ರೈಲನ್ನು ಕಂಡ ಹುಡುಗ. ಅಕ್ಕನನ್ನು ಕಳೆದುಕೊಂಡ ಹುಡುಗ. ಅವನ ಹೆಸರನ್ನು ಹೊತ್ತ ಈ ಅಪುವನ್ನು ಅಮೆರಿಕದ ಜನ ಬಹುಕಾಲ ಗುರುತಿಸಿದ್ದು ಅವನ ಉಚ್ಚಾರಣೆಯ ರಾಗದಿಂದ. ಆ ದನಿ ಕೊಟ್ಟ ನಟ ಹ್ಯಾಂಕ್ ಅಜೇರಿಯ ಭಾರತೀಯನಲ್ಲ. ಅಲ್ಲಿಯೇ ಬೆಳೆದ ಭಾರತೀಯ ಮಕ್ಕಳು ಶಾಲೆಯಲ್ಲಿ ಆ ರಾಗದಿಂದಲೇ ಅಣಕಿಸಿಕೊಂಡರು. ಹರಿ ಕೊಂಡಬೋಲು ಎಂಬ ಭಾರತೀಯ ಮೂಲದ ಹಾಸ್ಯಗಾರ 2017ರಲ್ಲಿ ಇದನ್ನೇ ವಿಷಯವಾಗಿ ಮಾಡಿ ಒಂದು ಸಾಕ್ಷ್ಯಚಿತ್ರ ತೆಗೆದ. 2018ರ ಏಪ್ರಿಲಿನ ಒಂದು ಕಂತಿನಲ್ಲಿ ಧಾರಾವಾಹಿ ಈ ಆಕ್ಷೇಪವನ್ನು ಉಡಾಫೆಯಿಂದ ತಳ್ಳಿಹಾಕಿತು. 2020ರಲ್ಲಿ ಅಜೇರಿಯ ತಾನು ಇನ್ನು ಆ ಪಾತ್ರಕ್ಕೆ ದನಿ ಕೊಡುವುದಿಲ್ಲವೆಂದು ಸಾರಿದ. ಹೆಸರಿನ ಮೂಲವನ್ನು ಬಲ್ಲೆವೆಂದು ಬೀಗುತ್ತಿದ್ದವರಿಗೆ, ಆ ಹೆಸರಿನಿಂದ ಮಕ್ಕಳು ಪಟ್ಟ ಪಾಡು ಕಾಣಿಸುವುದಕ್ಕೆ ಇಪ್ಪತ್ತೇಳು ವರ್ಷಗಳೇ ಬೇಕಾದವು! ಪಾತ್ರ 1990ರಲ್ಲಿಯೇ ಬಂದಿತ್ತು. ಮೂಲ ತಿಳಿಸಿದ ಮಾತ್ರಕ್ಕೆ ಋಣ ತೀರಿತೆಂಬ ಸಮಾಧಾನ ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ಮೂಲವನ್ನು ಹುಡುಕುವುದೇ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಖಂಡಿತ ಬೇಕು. ‘ಮ್ಯೂಸಿಕ್ ಮ್ಯಾನ್’ ಗೊತ್ತಿಲ್ಲದವನಿಗೆ ಆ ಜಗಳದ ಅರ್ಧ ರುಚಿ ಸಿಕ್ಕದು. ಟೀಕೆ, ಟಿಪ್ಪಣಿ ನಮಗೆ ಹೊಸತೂ ಅಲ್ಲ, ಹೀನವೂ ಅಲ್ಲ. ಕಾಳಿದಾಸನಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ ತನಗೆ ತಾನೇ ಎರಡು ಕಟ್ಟುಪಾಡು ವಿಧಿಸಿಕೊಂಡಿದ್ದ: ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಅಗತ್ಯವಿಲ್ಲದ್ದನ್ನು ಹೇಳುವುದಿಲ್ಲ ಎಂದು. ಇಂದಿನ ಪಟ್ಟಿಕಾರರು ಮೊದಲನೆಯದನ್ನು ಬಹುಮಟ್ಟಿಗೆ ಪಾಲಿಸುತ್ತಾರೆ. ಎರಡನೆಯದು ಅವರ ಕಿವಿಗೆ ಬಿದ್ದಂತಿಲ್ಲ. ಯಾವುದಕ್ಕೆ ಅಗತ್ಯ ಎಂದು ಕೇಳಿಕೊಂಡಾಗಲೇ ಟಿಪ್ಪಣಿ ವಿಮರ್ಶೆಯ ಹೊಸ್ತಿಲಿಗೆ ಬರುತ್ತದೆ. ಕೇಳಿಕೊಳ್ಳದಿದ್ದರೆ ಅದು ಚಿಲ್ಲರೆಯ ಚೀಲವಾಗಿಯೇ ಉಳಿಯುತ್ತದೆ, ಅಲ್ಲಾಡಿಸಿದರೆ ಸದ್ದುಮಾತ್ರ ಜೋರು.

ಸಂತೋಷಕ್ಕಾಗಿ ನೋಡುವವರ ಸಂತೋಷವನ್ನು ಏಕೆ ಕೆಡಿಸುತ್ತೀರಿ ಎಂದೂ ಕೆಲವರು ಮುನಿದಾರು. ನಾನು ಆ ಸಂಜೆ ಹುಡುಗನಿಗಿಂತ ಕಡಮೆ ನಗಲಿಲ್ಲ. ಯಾವ ಉಲ್ಲೇಖವೂ ತಿಳಿಯದೆಯೇ ನಕ್ಕೆ. ಹಾಡುತ್ತ ಹೊರಟ ಹೋಮರ್ ಹಾಡು ಮುಗಿಯುವಷ್ಟರಲ್ಲಿ ಕಾರನ್ನು ಮರಕ್ಕೆ ಗುದ್ದುವುದನ್ನು ನೋಡಿ ನಗುವುದಕ್ಕೆ 1960ರ ಧಾರಾವಾಹಿಯ ಪರಿಚಯ ಬೇಕಾಗಿಲ್ಲ. ಸಂತೋಷಕ್ಕೆ ಅಡ್ಡಬಂದದ್ದು ನನ್ನ ಪ್ರಶ್ನೆಯಲ್ಲ, ನಿಮಿಷಕ್ಕೊಮ್ಮೆ ನಿಂತ ಚಿತ್ರ.

ಈಗ ಹುಡುಗನ ಉತ್ತರಕ್ಕೆ ಹಿಂತಿರುಗುತ್ತೇನೆ. ಲ್ಯಾನ್ಲಿ ತನ್ನ ರೈಲು ಕೊಂಡ ಊರುಗಳ ಹೆಸರನ್ನು ಸಭೆಯಲ್ಲಿ ಹೆಮ್ಮೆಯಿಂದ ಹೇಳಿದ್ದ. ಎಲ್ಲರೂ ಆ ಹೆಸರುಗಳನ್ನು ಕೇಳಿದರು; ಪಟ್ಟಿಕಾರರು ಬರೆದೂ ಇಟ್ಟಿದ್ದಾರೆ. ಅವುಗಳಲ್ಲಿ ಒಂದು ನಾರ್ತ್ ಹೇವರ್‌ಬ್ರುಕ್. ಮಾರ್ಜ್ ಒಬ್ಬಳು ಮಾತ್ರ ಆ ಊರಿಗೆ ಹೋಗಿ ನೋಡಿದಳು. ಅಲ್ಲಿ ಕಂಡದ್ದು ಹಾಳುಸುರಿಯುವ ಬೀದಿಗಳು. ಇಲ್ಲಿ ಮಾನೊರೈಲ್ ಇರಲೇ ಇಲ್ಲ ಎಂದು ಬಾಗಿಲು ಹಾಕಿಕೊಳ್ಳುವ ನಾಚಿದ ಜನ. ಆ ರೈಲನ್ನು ಕಟ್ಟಿದ ಎಂಜಿನಿಯರನೊಬ್ಬ. ಎಲ್ಲದರಲ್ಲಿಯೂ ಹಣ ಉಳಿಸಿದ ಲ್ಯಾನ್ಲಿಯ ಕಥೆಯನ್ನು ಅವನೇ ಹೇಳುತ್ತಾನೆ: ಕೆಟ್ಟ ತಂತಿ, ಹಿಡಿಯದ ಬ್ರೇಕು, ಉದ್ಘಾಟನೆಗೆ ಕರೆಸಿದ ಅಗ್ಗದ ಹಾಸ್ಯಗಾರ. ಈ ಮೂರರಲ್ಲಿ ಹುಡುಗನಿಗೆ ಕೇಳಿಸಿದ್ದು ಹಾಸ್ಯಗಾರನ ಹೆಸರೊಂದೇ. ಬ್ರೇಕು ಕೇಳಿಸಲಿಲ್ಲ.

ಕೊನೆಗೆ ಸ್ಪ್ರಿಂಗ್‌ಫೀಲ್ಡ್ ಹೇಗೋ ಬದುಕಿಕೊಳ್ಳುತ್ತದೆ. ಇದೊಂದೇ ನಮ್ಮೂರು ಮಾಡಿದ ಅವಿವೇಕ ಎನ್ನುತ್ತಾಳೆ ಮಾರ್ಜ್; ಐಸ್‌ಕ್ಯಾಂಡಿ ಕಡ್ಡಿಗಳ ಗಗನಚುಂಬಿ, 50 ಅಡಿಯ ಭೂತಗನ್ನಡಿ, ಎಲ್ಲಿಗೂ ಹೋಗದ ಎಸ್ಕಲೇಟರ್, ಇವುಗಳನ್ನು ಬಿಟ್ಟರೆ! ಊರಿನವರಿಗೆ ಹಾಡು ನೆನಪಿತ್ತು, ಪಾಠ ನೆನಪಿರಲಿಲ್ಲ. ಮುಖ್ಯ ರಸ್ತೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ನನ್ನ ಗೆಳೆಯರ ಮಗನಿಗೆ ನಾನು ಬೇರೇನೂ ಹೇಳಬೇಕಾಗಿಲ್ಲ. ಹೆಸರುಗಳನ್ನು ಬೇಕಾದರೆ ಬರೆದಿಟ್ಟುಕೊಳ್ಳಲಿ. ಆದರೆ ಒಂದು ಸಲ, ಎಲ್ಲಿಯೂ ನಿಲ್ಲಿಸದೆ, ಮಾರ್ಜಳ ಜೊತೆಗೆ ಆ ಪಕ್ಕದ ಊರಿಗೂ ಹೋಗಿ ಬರಲಿ.